ಎಳ್ಳಾಚಾರಿಯ ಒಂದು ಎಳ್ಳು

ಯಾವ ಅರಸನ ಕಾಲವೋ, ಶಿವನೇ ಬಲ್ಲ. ಹೊಳೆದಂಡೆಯ ಒಂದೂರಲ್ಲಿ ಕಾಳಿಂಗಾಚಾರಿ ಎಂಬ ವೀಣೆ ಮಾಡುವವನಿದ್ದನಂತೆ. ಹೆತ್ತವರಿಟ್ಟ ಆ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಎಳ್ಳಾಚಾರಿ ಎಂದರೇ ಗೊತ್ತು. ಈ ಹೆಸರು ಹೇಗೆ ಬಂತು, ಕೇಳಿ.

ದೇವಸ್ಥಾನಕ್ಕೆ ಹೊಸ ವೀಣೆ ಬೇಕಾಯಿತಂತೆ. ಆಚಾರಿ ಹಲಸಿನ ಮರ ಕೆತ್ತಿದ, ಮೇಣ ಕಾಸಿದ, ಅದರ ಮೇಲೆ ತಂತಿ ಒತ್ತುವ ಮೆಟ್ಟಿಲು ಕೂರಿಸಿದ. ಮರವನ್ನು ಗೇಣಿನಲ್ಲಿ ಅಳೆಯಬಹುದು, ಸ್ವರವನ್ನು ಪಾಲಿನಲ್ಲೇ ಅಳೆಯಬೇಕು ಎನ್ನುತ್ತಿದ್ದನಂತೆ. ತಂತಿಯನ್ನು ಎರಡು ಪಾಲು ಮಾಡಿ ಒಂದನ್ನು ಮೀಟಿದರೆ ಮೇಲಿನ ಷಡ್ಜ. ಮೂರು ಪಾಲು ಮಾಡಿ ಎರಡನ್ನು ಮೀಟಿದರೆ ಪಂಚಮ. ಆ ಪಂಚಮಕ್ಕೊಂದು ಪಂಚಮ, ಅದಕ್ಕೂ ಒಂದು ಪಂಚಮ, ಹೀಗೆ ಹನ್ನೆರಡು ಸಲ ನಡೆದರೆ ಮತ್ತೆ ಷಡ್ಜದ ಮನೆಗೇ ಬರುತ್ತೇವೆ ಎಂಬುದು ಹಿರಿಯರ ಮಾತು. ಆಚಾರಿ ಹಾಗೆಯೇ ನಡೆದು ಮೆಟ್ಟಿಲಿಟ್ಟ.

ವೀಣೆ ನುಡಿಸುವ ಪದುಮವ್ವ ಮೀಟಿ ನೋಡಿ ಕೈ ತೆಗೆದಳಂತೆ. ಮೇಲಿನ ಷಡ್ಜ ಕೆಳಗಿನದರ ಜೊತೆ ಕೂಡುತ್ತಿಲ್ಲ ಎಂದಳು. ದೇವಸ್ಥಾನದ ಪಾರುಪತ್ಯ ನೋಡುವ ಶೇಷಪ್ಪಯ್ಯ ಕಟ್ಟುನಿಟ್ಟಿನ ಮನುಷ್ಯ. ಊನವಾದದ್ದು ದೇವರಿಗೆ ಸಲ್ಲದು, ಅಳತೆ ತಪ್ಪುವ ಕೈಯೂ ಸಲ್ಲದು ಎಂದ. ಆಚಾರಿಯ ಉಳಿಯನ್ನು ಗರ್ಭಗುಡಿಯ ಹೊಸ್ತಿಲಲ್ಲಿ ಇಡಿಸಿದ. ಸೋಮವಾರದೊಳಗೆ ತಪ್ಪು ಸರಿಯಾಗದಿದ್ದರೆ ಆ ಉಳಿ ಮತ್ತೆ ಅವನ ಕೈಗಿಲ್ಲ.

ಆಚಾರಿ ಹಲಗೆಯ ಮೇಲೆ ಮೊಳದುದ್ದದ ಒಂದು ತಂತಿ ಬಿಗಿದ. ಮೂರರಲ್ಲಿ ಎರಡು ಪಾಲು, ಅದನ್ನೂ ಮೂರು ಮಾಡಿ ಮತ್ತೆ ಎರಡು ಪಾಲು. ಅರ್ಧಕ್ಕಿಂತ ಗಿಡ್ಡವಾದಾಗ ಇಮ್ಮಡಿ ಮಾಡಿದ; ಸ್ವರ ಅದೇ, ಸ್ಥಾಯಿ ಮಾತ್ರ ಕೆಳಗಿನದು. ಹನ್ನೆರಡನೆಯದು ತಂತಿಯ ನಟ್ಟನಡುವೆ ಬಂದು ನಿಲ್ಲಬೇಕು. ನಿಲ್ಲಲಿಲ್ಲ. ದಾಟಿ ಹೋಯಿತು. ನಟ್ಟನಡುವಿಗೂ ಆ ಗುರುತಿಗೂ ಇದ್ದ ಸಂದಿಯಲ್ಲಿ ಒಂದು ಎಳ್ಳನ್ನು ಮಲಗಿಸಿದ, ಸರಿಯಾಗಿ ಕೂತಿತು. ಗುರುತು ಅಳಿಸಿ ಮತ್ತೆ ಅಳೆದ. ಮತ್ತೆ ಒಂದೆಳ್ಳು. ಇಪ್ಪತ್ತೊಂದು ಸಲ ಅಳೆದ ಅನ್ನುವವರಿದ್ದಾರೆ. ನಮ್ಮಜ್ಜಿ ಏಳು ಅನ್ನುತ್ತಿದ್ದಳು, ನನಗೆ ಏಳೇ ಸಾಕು.

ಸೋಮವಾರ ಎಲ್ಲ ಸೇರಿದರು. ಶೇಷಪ್ಪಯ್ಯ ಹಲಗೆ ನೋಡಿ, “ಏನಾಚಾರಿ, ಎಳ್ಳುಂಡೆ ತಿನ್ನುತ್ತಾ ಅಳೆದೆಯೇನು?” ಎಂದ. ಜನ ನಕ್ಕರು.

ಆಚಾರಿ ಕೈ ಮುಗಿದು ಹೇಳಿದನಂತೆ: “ಅಯ್ಯನೋರೇ, ಕೈ ತಪ್ಪಿದ್ದರೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಪ್ಪಬೇಕಿತ್ತು. ಏಳು ಸಲವೂ ಅದೇ ಎಳ್ಳು, ಅದೇ ಕಡೆ. ನೀವೇ ಅಳೆದು ನೋಡಿ.”

ಶೇಷಪ್ಪಯ್ಯ ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕೂತು ಅಳೆದ. ಬಟ್ಟೆ ಮೈಮೇಲೇ ಒಣಗಿತಂತೆ. ಕೊನೆಗೆ ಎಳ್ಳನ್ನು ತಾನೇ ಇಟ್ಟ, ಕೂತಿತು. ಹಾಗಾದರೆ ಇದು ಯಾರ ತಪ್ಪು ಎಂದು ಮೆಲ್ಲಗೆ ಕೇಳಿದ.

“ತಪ್ಪಲ್ಲ, ಪಾಲು,” ಎಂದ ಆಚಾರಿ. “ ಹನ್ನೆರಡು ಸ್ವರ ನಮಗೆ ಕೊಟ್ಟು ಒಂದೆಳ್ಳು ದೇವರು ತನಗಿಟ್ಟುಕೊಂಡಿದ್ದಾನೆ.”

ಶೇಷಪ್ಪಯ್ಯ ಎದ್ದು, ಹೊಸ್ತಿಲ ಮೇಲಿನ ಉಳಿಯನ್ನು ಕಣ್ಣಿಗೊತ್ತಿಕೊಂಡು ಅವನ ಕೈಗಿಟ್ಟ. ಆಚಾರಿ ಮತ್ತೆ ಮೇಣ ಕಾಸಿ, ಆ ಎಳ್ಳಿನಷ್ಟು ವ್ಯತ್ಯಾಸವನ್ನು ಪ್ರಸಾದದ ಹಾಗೆ ಹನ್ನೆರಡು ಪಂಚಮಕ್ಕೂ ಚೂರು ಚೂರೇ ಹಂಚಿದ. ಪದುಮವ್ವ ಮೀಟಿದಳು. ಈ ಸಲ ಕೈ ತೆಗೆಯಲಿಲ್ಲ.

ಇಂದಿಗೂ ಆ ಊರಲ್ಲಿ ಹೊಸ ವೀಣೆಗೆ ಮೆಟ್ಟಿಲಿಡುವಾಗ ಬಿಸಿ ಮೇಣದೊಳಗೆ ಒಂದು ಎಳ್ಳು ಒತ್ತುತ್ತಾರೆ. ಮೇಲೆ ಮೆಟ್ಟಿಲು ಕೂತ ಮೇಲೆ ಅದು ಯಾರಿಗೂ ಕಾಣದು. ನನ್ನಲ್ಲಿ ಎಳ್ಳಷ್ಟೂ ತಪ್ಪಿಲ್ಲ ಎಂದು ಯಾರಾದರೂ ಎದೆ ತಟ್ಟಿಕೊಂಡರೆ ಅಲ್ಲಿನ ಹಿರಿಯರು ಹೇಳುವುದು ಇಷ್ಟೇ: “ಎಳ್ಳಷ್ಟು ಬಿಡಪ್ಪಾ, ಅದು ನಿನ್ನದಲ್ಲ.”