ಸರದಿಯಲ್ಲಿ ನಿಂತ ಲೆಕ್ಕ

"ಸರ್, ಅರ್ಜಿಯಲ್ಲಿ ಎಷ್ಟು ಗಂಟೆ ಕೇಳಲಿ?" ಎಂದ ಇಂದುಧರ.

ಅವನು ವಿಶ್ವವಿದ್ಯಾಲಯದಲ್ಲಿ ನೀಲಗಂಗಯ್ಯ ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ. ಸೂಪರ್ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿಸಲು ಅರ್ಜಿ ಬರೆಯುತ್ತಿದ್ದ. ಯಂತ್ರ ಒಂದೇ, ಕೇಳುವವರು ನಾಡಿನ ಎಲ್ಲ ಕಡೆಯವರು. ಅದರ ಸಾವಿರಾರು ಪ್ರೊಸೆಸರುಗಳಲ್ಲಿ ಪ್ರತಿಯೊಂದೂ ದುಡಿದ ಗಂಟೆಗಳನ್ನು ಬೇರೆಬೇರೆ ಎಣಿಸಿ ಕೂಡಿಸುತ್ತಿದ್ದರು. ಯಾರಿಗೆ ಎಷ್ಟು ಗಂಟೆ ಎಂಬುದನ್ನು ಒಂದು ಸಮಿತಿ ಗೊತ್ತುಮಾಡುತ್ತಿತ್ತು.

"ವಿಭಾಗದ ಕಂಪ್ಯೂಟರಿನಲ್ಲಿ ಲೆಕ್ಕದ ಒಂದು ತುಣುಕು ಓಡಿಸಿ ನೋಡಿದೆ. ಎರಡು ಲಕ್ಷ ಗಂಟೆ ಸಾಕು. ಆದರೆ ಸಮಿತಿಯವರು ಹೇಗೂ ಕಡಿತ ಮಾಡುತ್ತಾರೆ, ಆರು ಅಂತ ಬರೆ ಎನ್ನುತ್ತಾರೆ ಗೆಳೆಯರು."

ಮೇಷ್ಟ್ರು ಒಂದು ಕತೆ ಹೇಳತೊಡಗಿದರು.

ಒಬ್ಬ ಸಂಶೋಧಕನಿದ್ದ. ಲೋಹಗಳು ಕಾವಿಗೆ ಹೇಗೆ ಬಿರುಕು ಬಿಡುತ್ತವೆ ಎಂಬುದು ಅವನ ವಿಷಯ. ಕೆಲಸದಲ್ಲಿ ಜಾಣ, ಮನುಷ್ಯನೂ ಒಳ್ಳೆಯವನೇ. ತನ್ನಲ್ಲಿದ್ದ ಕಂಪ್ಯೂಟರಿನಲ್ಲಿ ಆ ಲೆಕ್ಕ ಮುಗಿಯಲು ಹನ್ನೊಂದು ವರ್ಷ ಬೇಕಿತ್ತು. ಹಾಗಾಗಿ ಅರ್ಜಿ ಹಾಕಿದ. ಏನನ್ನು ಹುಡುಕುತ್ತೇನೆ, ಸಣ್ಣ ಯಂತ್ರದಲ್ಲಿ ಯಾಕೆ ಆಗದು, ನನ್ನ ಪ್ರೋಗ್ರಾಂ ಎಷ್ಟು ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸಬಲ್ಲದು, ಎಲ್ಲವನ್ನೂ ಸರಿಯಾಗಿಯೇ ಬರೆದ. ಗಂಟೆಗಳ ಲೆಕ್ಕದಲ್ಲಿ ಮಾತ್ರ ಬೇಕಾದದ್ದರ ಮೂರು ಪಟ್ಟು ಬರೆದ. ಆ ವರ್ಷ ಸಮಿತಿ ಕಡಿತ ಮಾಡಲಿಲ್ಲ. ಕೇಳಿದಷ್ಟೂ ಸಿಕ್ಕಿತು.

ನಾಲ್ಕು ತಿಂಗಳಲ್ಲಿ ಅವನ ಕೆಲಸ ಮುಗಿಯಿತು. ಮೂರರಲ್ಲಿ ಎರಡು ಪಾಲು ಗಂಟೆ ಹಾಗೇ ಉಳಿಯಿತು. ಬಳಸದೆ ಬಿಟ್ಟರೆ ಕೊನೆಯ ವರದಿಯಲ್ಲಿ ಅದು ಕಾಣುತ್ತದೆ, ಮುಂದಿನ ಸಲ ಕೈ ಬಿಗಿಹಿಡಿಯುತ್ತಾರೆ ಎಂದು ಅವನಿಗೆ ಅಳುಕು. ಮುಗಿದ ಲೆಕ್ಕವನ್ನೇ ಅಲ್ಲೊಂದು ಇಲ್ಲೊಂದು ಅಂಕಿ ಬದಲಿಸಿ ಮತ್ತೆ ಮತ್ತೆ ಓಡಿಸಿದ. ಬಂದ ಉತ್ತರಗಳನ್ನು ತೆರೆದೂ ನೋಡಲಿಲ್ಲ.

ಗಂಟೆಗಳನ್ನು ಬಳಸಿ ಮುಗಿಸುವ ಗಡುವಿಗೆ ಕೆಲವೇ ದಿನಗಳಿದ್ದಾಗ, ಒಂದು ಮಂಗಳವಾರ ಬೆಳಿಗ್ಗೆ, ಅವನಿಗೆ ಫೋನು ಬಂತು. ಕರಾವಳಿಯ ಒಂದು ಕಾಲೇಜಿನ ಅಧ್ಯಾಪಕಿ. ಮೊದಲು ಮಾತಾಡಿದವಳಲ್ಲ.

"ಸರ್, ಸೂಪರ್ ಕಂಪ್ಯೂಟರಿನ ಸರದಿ ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೆಲಸಗಳು ನನ್ನದಕ್ಕಿಂತ ಮುಂದಿವೆ," ಎಂದಳು. "ನಮ್ಮೂರಲ್ಲಿ ಹೊಳೆ ಕಡಲು ಸೇರುವ ಕಡೆ ಮಳೆಗಾಲದಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತದೆ. ಈ ಸಲ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಮೀನುಗಾರಿಕೆಯ ನಿಷೇಧ ಮುಗಿದು ಶುಕ್ರವಾರ ಬೋಟುಗಳು ಹೊರಡುತ್ತವೆ. ನನಗೆ ಒಂದೂವರೆ ದಿನ ಸಾಕು. ನಿಮ್ಮದನ್ನು ಸ್ವಲ್ಪ ನಿಲ್ಲಿಸಿಕೊಳ್ಳಲು ಆಗುತ್ತದಾ?"

"ನೋಡುತ್ತೇನೆ ಮೇಡಂ," ಎಂದ.

ನಿಲ್ಲಿಸುವುದು ಒಂದು ನಿಮಿಷದ ಕೆಲಸ. ನಿಲ್ಲಿಸಿದರೆ ಗಂಟೆಗಳು ಉಳಿದುಬಿಡುತ್ತವೆ. ಆ ದಿನ ಕಳೆಯಿತು. ಬುಧವಾರವೂ ಕಳೆಯಿತು. ಗುರುವಾರ ಮಧ್ಯಾಹ್ನ ಎಲ್ಲವನ್ನೂ ರದ್ದು ಮಾಡಿ ಅವಳಿಗೆ ತಿಳಿಸಿದ. ದೊಡ್ಡ ಉಪಕಾರವಾಯಿತು ಎಂದಳು ಅವಳು.

ಅವಳ ಉತ್ತರ ಶನಿವಾರ ಬೆಳಗಾಗುವ ಹೊತ್ತಿಗೆ ಬಂತು. ಬೋಟುಗಳು ಶುಕ್ರವಾರವೇ ಹೋಗಿದ್ದವು. ಒಂದು ಬೋಟು ದಿಬ್ಬಕ್ಕೆ ತಗುಲಿ ಮಗುಚಿತ್ತು. ನಾಲ್ವರು ಈಜಿ ದಡ ಸೇರಿದರು. ಬೋಟು ನಡೆಸುತ್ತಿದ್ದವನನ್ನು ಬೇರೆಯವರು ಎಳೆದು ತಂದರು. ಅವನು ಬದುಕಿದ; ಸೊಂಟ ಮುರಿದಿದ್ದರಿಂದ ಮತ್ತೆ ಕಡಲಿಗೆ ಹೋಗಲಿಲ್ಲ. ದಿಬ್ಬವಿದ್ದದ್ದು ಅವಳ ಲೆಕ್ಕ ತೋರಿಸಿದ ಜಾಗದಲ್ಲೇ.

ಸುದ್ದಿ ತಿಳಿದು ಸಂಶೋಧಕ ಅವಳಿಗೆ ಫೋನು ಮಾಡಿದ. "ನಿಲ್ಲಿಸಲು ತಡಮಾಡಿದೆ ಮೇಡಂ," ಎಂದ.

"ನೀವಾದರೂ ಏನು ಮಾಡುತ್ತೀರಿ ಸರ್," ಎಂದು ಅವಳೇ ಸಮಾಧಾನ ಹೇಳಿದಳು. "ನಿಮ್ಮದೂ ಅಷ್ಟೇ ಮುಖ್ಯವಾದ ಲೆಕ್ಕ ಇದ್ದಿರಬೇಕು."

ಅವನು ಉಳಿದ ಗಂಟೆಗಳನ್ನು ಹಿಂತಿರುಗಿಸಿದ. ನಡೆದದ್ದನ್ನು ಸಮಿತಿಗೆ ಮುಚ್ಚುಮರೆಯಿಲ್ಲದೆ ಬರೆದ. ಅವರು ಎರಡು ವರ್ಷ ಅವನ ಅರ್ಜಿ ತೆಗೆದುಕೊಳ್ಳಲಿಲ್ಲ. ಅದಕ್ಕೆ ಅವನು ಬೇಸರಪಡಲಿಲ್ಲ. ಅವಳು ಹೇಳಿದ ಸಮಾಧಾನವನ್ನು ಮಾತ್ರ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿದರು.

ಇಂದುಧರ ಯೋಚಿಸಿ ಕೇಳಿದ: "ಹಾಗಾದರೆ ಎರಡೇ ಲಕ್ಷ ಬರೆಯಲೇ? ಅದರಲ್ಲೂ ಕಡಿತ ಮಾಡಿದರೆ ನನ್ನ ಕೆಲಸ ಅರ್ಧಕ್ಕೆ ನಿಲ್ಲುತ್ತದಲ್ಲ ಸರ್. ಕೊನೆಗೂ ಎಷ್ಟು ಗಂಟೆ ಕೇಳಲಿ?"

"ಎಷ್ಟು ಗಂಟೆ ಎಂದು ಆಗಿನಿಂದ ಕೇಳುತ್ತಿದ್ದೀಯ, ಯಾರ ಗಂಟೆ ಎಂದು ಒಮ್ಮೆಯೂ ಕೇಳಲಿಲ್ಲ," ಎಂದರು ಮೇಷ್ಟ್ರು.