ಹುಲುಗಪ್ಪನ ಟಿಪ್ಪರ್ ಮತ್ತು ಮಾತಾಡುವ ಡಬ್ಬಿ

ಕೆಂಪು ಧೂಳಿನ ಒಂದು ಗಣಿಗುಡ್ಡದಲ್ಲಿ ಹುಲುಗಪ್ಪ ಎಂಬ ಟಿಪ್ಪರ್ ಡ್ರೈವರ್ ಇದ್ದ. ಅದಿರು ತುಂಬಿಕೊಂಡು ಆ ಗುಡ್ಡದ ತಿರುವುಗಳನ್ನು ಇಳಿಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅಲ್ಲಿ ಡ್ರೈವರುಗಳದೇ ಒಂದು ಕಟ್ಟಳೆ. ತಿರುವು ಬಂದರೆ ಹಾರ್ನ್ ಹೊಡೆಯಬೇಕು. ಆ ಕಡೆಯಿಂದ ಹಾರ್ನ್ ಕೇಳಿದರೆ ಖಾಲಿ ಗಾಡಿ ನಿಲ್ಲಬೇಕು, ಲೋಡು ಗಾಡಿ ಮೊದಲು ಹೋಗಬೇಕು. ಏನೂ ಕೇಳದಿದ್ದರೆ ದಾರಿಯಲ್ಲಿ ಯಾರೂ ಇಲ್ಲವೆಂದು ಅರ್ಥ. ಹೊಸಬರಿಗೆಲ್ಲ ಇದನ್ನು ಕಲಿಸಿದವನೇ ಹುಲುಗಪ್ಪ. ಆ ಹೆಮ್ಮೆ ಅವನಿಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ಒಂದು ದಿನ ಗಣಿಯ ಸೂಪರ್‌ವೈಸರ್ ಪ್ರತಿ ಟಿಪ್ಪರಿಗೂ ಒಂದು ಡಬ್ಬಿ ಕೂರಿಸಿದ. ಈ ಡಬ್ಬಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. "ನಾನು ಇಲ್ಲಿದ್ದೇನೆ, ಇಷ್ಟು ಜೋರಾಗಿ ಬರುತ್ತಿದ್ದೇನೆ" ಎಂದು ಪ್ರತಿ ಗಾಡಿಯೂ ಸುತ್ತಲಿನ ಗಾಡಿಗಳಿಗೆ ತಾನಾಗಿಯೇ ತಿಳಿಸುತ್ತಿತ್ತು. ಕಣ್ಣಿಗೆ ಕಾಣದ ಗಾಡಿಯೊಂದು ಹತ್ತಿರವಿದ್ದರೆ ಡಬ್ಬಿ ಕೀಂ ಕೀಂ ಎಂದು ಕೂಗುತ್ತಿತ್ತು.

ಹುಲುಗಪ್ಪನಿಗೆ ಮೈಯೆಲ್ಲ ಉರಿಯಿತು. "ನನಗ ಗಾಡಿ ಹೊಡಿಯಾಕ ಈ ಡಬ್ಬಿ ಕಲಿಸ್ತೈತೇನು?" ಎಂದ. ಆದರೆ ಸೂಪರ್‌ವೈಸರನ ಎದುರು ಹಾಗೆನ್ನುವಂತಿರಲಿಲ್ಲ. ಅಮಾವಾಸ್ಯೆಯ ದಿನ ಗಾಡಿಪೂಜೆ ಮಾಡುವಾಗ ಡಬ್ಬಿಗೆ ವಿಭೂತಿ ಬಳಿದ, ಕುಂಕುಮ ಇಟ್ಟ, ಚೆಂಡುಹೂವಿನ ಮಾಲೆ ಹಾಕಿದ. ಆಮೇಲೆ ಮಾಲೆಯ ಹಿಂದೆ ಕೈ ಹಾಕಿ ವೈರು ಕಿತ್ತುಬಿಟ್ಟ. ಸೂಪರ್‌ವೈಸರ್ ನೋಡಿ, ಎಂಥ ಭಕ್ತಿ ಎಂದು ಖುಷಿಪಟ್ಟು ಹೋದ. ದೇವರನ್ನೂ ನಾವು ಹೀಗೇ ನಡೆಸಿಕೊಳ್ಳುತ್ತೇವೆ ಬಿಡಿ. ಹೂವು ಏರಿಸುತ್ತೇವೆ, ಮಾತು ಕೇಳುವುದಿಲ್ಲ.

ಸ್ವಲ್ಪ ದಿನದಲ್ಲೇ ಗಾಳಿ ಎದ್ದ ಒಂದು ಮಧ್ಯಾಹ್ನ, ಅದಿರು ಹೊತ್ತು ಇಳಿಯುತ್ತಿದ್ದ ಹುಲುಗಪ್ಪನಿಗೆ ತಿರುವಿನಲ್ಲಿ ಎದುರಾಗಿ ಒಂದು ಖಾಲಿ ಟಿಪ್ಪರ್ ನುಗ್ಗಿ ಬಂತು. ಇಬ್ಬರೂ ಸ್ಟೇರಿಂಗ್ ಎಳೆದರು. ಕನ್ನಡಿಗಳು ಉಜ್ಜಿ ಪುಡಿಯಾದವು, ಜೀವ ಉಳಿಯಿತು. ಇಳಿದು ಬಂದವನು ಖಾಜಾವಲಿ, ಹುಲುಗಪ್ಪನ ಕೈಯಲ್ಲೇ ಕೆಲಸ ಕಲಿತವನು.

"ಮಾವಾ, ನನ್ನ ಡಬ್ಬಿ ಕೂಗಲಿಲ್ಲ. ಯಾರೂ ಇಲ್ಲಂತ ಬಂದೆ. ನೀ ಎಲ್ಲಿದ್ದಿ?"

"ಇಲ್ಲೇ ಇದ್ನೆಲೋ! ಹಾರ್ನ್ ಹೊಡದ್ನಲ್ಲ!"

"ಈ ಗಾಳ್ಯಾಗ ಹಾರ್ನ್ ಎಲ್ಲಿ ಕೇಳ್ತೈತಿ?" ಎನ್ನುತ್ತ ಖಾಜಾವಲಿ ಹುಲುಗಪ್ಪನ ಕ್ಯಾಬಿನ್ ಹತ್ತಿ ಮಾಲೆ ಸರಿಸಿದ. ಜೋತಾಡುತ್ತಿದ್ದ ವೈರು ಕಂಡಿತು. ಅವನ ದನಿ ಇಳಿಯಿತು. "ನಿನಗ ಎಚ್ಚರಿಕಿ ಬ್ಯಾಡಾದ್ರ ಬ್ಯಾಡ ಮಾವಾ. ಆದ್ರ ನೀ ಬರಾಕತ್ತಿ ಅಂತ ನನಗ ಯಾರು ಹೇಳಬೇಕು? ನಾ ಸತ್ತಿದ್ರ ನನ್ನ ಮಕ್ಕಳಿಗೆ ಏನು ಹೇಳ್ತಿದ್ದಿ?"

ಹುಲುಗಪ್ಪ ನಾಚಿಕೆಯಿಂದ ಕುಗ್ಗಿಹೋದ. ಡಬ್ಬಿ ತನ್ನನ್ನು ಅನುಮಾನಿಸುತ್ತದೆ ಎಂದು ಸಿಟ್ಟಾಗಿದ್ದನೇ ಹೊರತು, ಅದು ತನ್ನ ಸುದ್ದಿಯನ್ನು ಬೇರೆಯವರಿಗೆ ಮುಟ್ಟಿಸುತ್ತದೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ನಿಂತ ಕಾಲಲ್ಲೇ ವೈರು ಸಿಕ್ಕಿಸಿದ. ಅಷ್ಟಕ್ಕೇ ನಂಬಿಕೆ ಬಂದುಬಿಡುತ್ತದೆಯೇ? ಬರಲಿಲ್ಲ. ಡಬ್ಬಿ ಕೂಗಿದಾಗಲೆಲ್ಲ ಗೊಣಗುತ್ತಲೇ ಇದ್ದ.

ಬೇಸಿಗೆ ಬಂತು. ಒಂದು ದಿನ ಹುಲುಗಪ್ಪ ಲೋಡು ತುಂಬಿ ಇಳಿಯುತ್ತಿದ್ದಾಗ ಬಿರುಗಾಳಿ ಎದ್ದು ಇಡೀ ಗುಡ್ಡ ಕೆಂಪಾಯಿತು. ಹಿಂದೆ ಇನ್ನೂ ಕೆಲವು ಲೋಡು ಗಾಡಿಗಳು ಬರುತ್ತಿದ್ದವು. ತಿರುವಿನಲ್ಲಿ ಹಾರ್ನ್ ಹೊಡೆದ. ಉತ್ತರವಿಲ್ಲ. ಅವನೇ ಕಲಿಸಿದ ಕಟ್ಟಳೆಯ ಪ್ರಕಾರ ದಾರಿ ಖಾಲಿ. ಅಷ್ಟರಲ್ಲಿ ಡಬ್ಬಿ ಕೀಂ ಕೀಂ ಎಂದು ಬಾಯಿ ಬಡಿದುಕೊಳ್ಳತೊಡಗಿತು. ಹುಲುಗಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಧೂಳಲ್ಲದೆ ಏನೂ ಇಲ್ಲ. ಅವನ ಇಷ್ಟು ವರ್ಷದ ಅನುಭವ ಹೋಗು ಎನ್ನುತ್ತಿತ್ತು.

"ಆಗಲಿ, ಈ ಸಲ ನಿನ್ನ ಮಾತು ಕೇಳ್ತೀನಿ!" ಎಂದು ಬೈಯುತ್ತಲೇ ಗೇರು ಇಳಿಸಿ ಬ್ರೇಕು ಒತ್ತಿದ. ಭಾರದ ಗಾಡಿ ಕಿರುಚುತ್ತ, ಜಾರುತ್ತ ಹೋಗಿ ನಿಂತಿತು.

ಧೂಳು ತುಸು ತಿಳಿಯಾಯಿತು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಟೈರು ಸಿಡಿದ ಟಿಪ್ಪರೊಂದು ದಾರಿಗೆ ಅಡ್ಡ ನಿಂತಿತ್ತು. ಅದರ ಕೆಳಗಿನಿಂದ ಎರಡು ಕಾಲುಗಳು ಕಾಣುತ್ತಿದ್ದವು. ಜಾಕ್ ಕೊಡಲು ಕೆಳಗೆ ಮಲಗಿದ್ದ ಖಾಜಾವಲಿಗೆ ಹಾರ್ನ್ ಕೇಳಿದರೂ ಉತ್ತರ ಕೊಡಲು ಆಗುತ್ತಿರಲಿಲ್ಲ.

ಹುಲುಗಪ್ಪನಿಗೆ ಆಗ ಹಿಂದಿನ ಗಾಡಿಗಳ ನೆನಪಾಯಿತು. ಅವು ಬಂದು ಗುದ್ದಿದರೆ ಎಲ್ಲ ಮುಗಿದಂತೆ. ಆದರೆ ಅವನು ಬ್ರೇಕು ಒತ್ತಿದ ಸುದ್ದಿಯನ್ನು ಅವನ ಡಬ್ಬಿ ಆಗಲೇ ಹಿಂದಿನವರಿಗೆ ಮುಟ್ಟಿಸಿತ್ತು. ಒಂದರ ಹಿಂದೆ ಒಂದು ಬ್ರೇಕಿನ ಸದ್ದು ಕೇಳಿತು. ಎಲ್ಲ ಗಾಡಿಗಳೂ ಸಾಲಾಗಿ ನಿಂತವು. ಒಂದಕ್ಕೊಂದು ತಾಗಲಿಲ್ಲ.

ಖಾಜಾವಲಿ ತೆವಳಿ ಹೊರಬಂದು, ಎದುರು ನಿಂತ ಗಾಡಿಗಳ ಸಾಲು ನೋಡಿ ಹುಲುಗಪ್ಪನನ್ನು ತಬ್ಬಿಕೊಂಡ. ಡ್ರೈವರುಗಳೆಲ್ಲ ಒಟ್ಟಿಗೆ ಹಾರ್ನ್ ಒತ್ತಿದರು. ಗುಡ್ಡಕ್ಕೆ ಗುಡ್ಡವೇ ಮೊಳಗಿತು. ಕೆಲವರು ಓಡಿ ಬಂದು ಹುಲುಗಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡು, "ಮಾವಾ, ಆ ಧೂಳಿನ್ಯಾಗ ಹೆಂಗ ಕಂಡ್ಯೋ?" ಎಂದು ಕೂಗಿದರು.

ಹುಲುಗಪ್ಪ ಅಳುತ್ತ ನಗುತ್ತ ಹೇಳಿದ: "ಕಾಣಲಿಲ್ರೋ! ಕಾಣಲಾರದನ, ಡಬ್ಬಿ ಮಾತು ಕೇಳಿ ನಿಲ್ಲಿಸೀನಿ. ನಾ ಗಾಡಿ ಹೊಡದದ್ದು ಅಂದ್ರ ಇವತ್ತು ನೋಡ್ರಿ!"

ನೀತಿ: ಎಚ್ಚರಿಕೆಯ ಮಾತು ನಮ್ಮ ಜಾಣತನಕ್ಕೆ ಮಾಡಿದ ಅವಮಾನವಲ್ಲ. ದಾರಿ ಎಲ್ಲರದೂ ಆಗಿರುವಾಗ, ನಾವು ಎಲ್ಲಿದ್ದೇವೆಂದು ಇತರರಿಗೆ ತಿಳಿಸಬೇಕು, ಅವರು ತಿಳಿಸಿದ್ದನ್ನು ನಾವೂ ನಂಬಬೇಕು. ಆಗಲೇ ಎಲ್ಲರೂ ಮನೆ ಸೇರುತ್ತಾರೆ.