ಗೋಡೆಗೆ ಮುಖ ಮಾಡಿ ಉಂಡ ಪೈಲ್ವಾನರು

ಒಂದಾನೊಂದು ಕಾಲದಲ್ಲಿ, ಮೊದಲು ಕಾಲು ಒಳಗೆಳ್ಕೊಂಡು ಸರಿಯಾಗಿ ಹೊದ್ಕೊ ಗಂಗೂ, ಒಂದು ಕೋಟೆ ಊರಲ್ಲಿ ಕಾಳವ್ವ ಅಂತ ಒಬ್ಬಳಿದ್ದಳಂತೆ. ಗಂಡ ಇಲ್ಲ, ಮೂರು ಗಂಡುಮಕ್ಕಳು. ಮೂವರಿಗೂ ಗರಡಿ ಹುಚ್ಚು. ಕೋಳಿ ಕೂಗೋಕೆ ಮುಂಚೆ ಎದ್ದು ದಂಡ ಹೊಡೆಯೋರಂತೆ, ಬಸ್ಕಿ ಹೊಡೆಯೋರಂತೆ, ಆಮೇಲೆ ಹಸಿದ ಎಮ್ಮೆ ಕರುಗಳ ಹಾಗೆ ಮನೆಗೆ ನುಗ್ಗೋರಂತೆ. ಹಾಲೆಲ್ಲ ಅವರಿಗೇ, ಬೆಣ್ಣೆಯೆಲ್ಲ ಅವರಿಗೇ, ಮುದ್ದೆ ಒಬ್ಬೊಬ್ಬನಿಗೆ ಮೂರು ಮೂರು.

ಉಣ್ಣೋದೂ ಹೇಗೆ ಅಂತೀಯ? ಗೋಡೆಗೆ ಮುಖ ಮಾಡ್ಕೊಂಡು. ಪೈಲ್ವಾನ ಉಣ್ಣೋದನ್ನ ಯಾರಾದ್ರೂ ನೋಡಿದ್ರೆ ದೃಷ್ಟಿ ತಾಗ್ತದೆ, ಮೈ ಇಳಿದುಹೋಗ್ತದೆ ಅಂತ ಗರಡಿ ಗುರುಗಳು ಹೇಳಿದ್ರಂತೆ. ಬೆನ್ನ ಹಿಂದೆ ಅವ್ವ ಏನು ಉಂಡಳು ಅಂತ ನೋಡೋರು ಯಾರು? ಅವ್ವಾ, ನಿಂದಾಯ್ತಾ ಅಂತ ಗೋಡೆ ನೋಡ್ಕೊಂಡೇ ಕೇಳೋರಂತೆ. ನಂದಾಯ್ತು ಕಣ್ರಪ್ಪ, ಉಣ್ಣಿ ಅನ್ನೋಳಂತೆ. ಎಲ್ಲಾಯ್ತು, ಮಣ್ಣು! ಮಡಕೆ ತಳ ಕೆರೆದು, ತೊಳೆದ ನೀರು ಕುಡಿದು ಮಲಗೋಳಂತೆ ಪುಣ್ಯಾತ್ಗಿತ್ತಿ.

ಆಮೇಲೆ ಕಿರಿಯವನು, ಬೋರ ಅಂತ ಅವನ ಹೆಸರು, ಬಸ್ಕಿ ಹೊಡೆಯೋಕೆ ಹೆಗಲ ಮೇಲೆ ಭಾರ ಬೇಕು ಅಂತ ಅವ್ವನ್ನೇ ಕೂರಿಸ್ಕೊಂಡನಂತೆ. ಸಂಕ್ರಾಂತಿಯಲ್ಲಿ ಹತ್ತು ಬಸ್ಕಿಗೇ ಉಸ್ಸಪ್ಪಾ ಅಂದ. ಯುಗಾದಿ ಹೊತ್ತಿಗೆ ಐವತ್ತು. ದಸರಾ ಹೊತ್ತಿಗೆ ನೂರು! ಅಣ್ಣಂದಿರೂ ಹೊತ್ತು ನೋಡಿದ್ರು, ಅವರದೂ ನೂರು. ನಮ್ಮ ಮೈಗೆ ಎಂಥ ಕಸುವು ಬಂತು ನೋಡವ್ವ ಅಂತ ಕುಣಿದಾಡಿದ್ರಂತೆ. ಅವಳೂ ನಕ್ಕಳಂತೆ. ಥೂ, ಮೂರು ಕತ್ತೆಗಳು.

ಆಮೇಲೆ ಪಾಳೆಗಾರ ಡಂಗುರ ಹೊಡೆಸಿದ. ನಮ್ಮ ತಾಯಿ ಬೆಟ್ಟದ ಮೇಲಿನ ಅಮ್ಮನ ಗುಡಿ ನೋಡ್ಬೇಕಂತಾಳೆ, ಹೊತ್ತು ಹತ್ತಿಸಿದವನೇ ಅರಮನೆ ಗರಡಿಗೆ ಯಜಮಾನ ಅಂತ. ಆ ಮುದುಕಿಗೆ ಇವರವ್ವನದೇ ವಯಸ್ಸು, ಇವರವ್ವನದೇ ಎತ್ತರ. ಇದೇನು ಮಹಾ ಅಂತ ಮೂವರೂ ಮೀಸೆ ತಿರುವಿಕೊಂಡು ಹೋದ್ರಂತೆ. ದೊಡ್ಡವ ಹತ್ತು ಮೆಟ್ಟಿಲಿಗೆ ಮಂಡಿ ಊರಿದ. ನಡುವಿನವ ಇಪ್ಪತ್ತಕ್ಕೆ ಊರಿದ. ಬೋರ ಮೂವತ್ತನೇ ಮೆಟ್ಟಿಲಲ್ಲಿ ತೊಡೆ ಗಡಗಡ ನಡುಗಿ ಕೂತೇಬಿಟ್ಟ. ಊರಿಗೆ ಊರೇ ಹೋ ಅಂತ ನಕ್ಕಿತಂತೆ.

ತಾಯಿ, ನೀವು ದಿನಾ ಏನು ಉಣ್ತೀರಿ ಅಂತ ಬೋರ ಕೇಳಿದನಂತೆ. ಏನು ಉಣ್ಣಲಪ್ಪ, ಎಲ್ಲರ ಹಾಗೆ ಎರಡು ಹೊತ್ತು ಒಂದೊಂದು ಮುದ್ದೆ ಅಂದಳು. ಎಲ್ಲರ ಹಾಗೆ! ಆ ಮಾತು ಕಿವಿಗೆ ಬಿದ್ದದ್ದೇ ಬೋರ ಧಡಕ್ಕನೆ ಎದ್ದನಂತೆ. ಹೆಚ್ಚಿದ್ದು ನಮ್ಮ ಕಸುವಲ್ಲ ಕಣ್ರೋ, ಅವ್ವ ಇಳಿದುಹೋಗಿದ್ದಾಳೆ ಅಂತ ಕಿರುಚ್ಕೊಂಡು ಮನೆಗೆ ಓಡಿದನಂತೆ.

ಅವ್ವ ಒಲೆ ಪಕ್ಕ ಬಿದ್ದಿದ್ದಾಳೆ, ಏಳೋಕಾಗಲ್ಲ. ಉಂಡ್ಯಾ ಅವ್ವ ಅಂದ್ರೆ ಆಗಲೂ ತುಟಿ ಆಡಿಸಿ ನಂದಾಯ್ತು ಅಂತಾಳೆ. ಅವ್ವನ್ನೇ ತಿಂದ್ಬಿಟ್ವಲ್ಲೋ ಅಂತ ಮೂವರೂ ಹಣೆ ಹಣೆ ಚಚ್ಕೊಂಡು ಅತ್ತರಂತೆ. ಅತ್ತು ಏನು ಬಂತು? ಗಂಜಿ ಇಳಿಯಲ್ಲ, ಹಾಲು ಇಳಿಯಲ್ಲ. ಒಂದು ದಿನ ಆಯ್ತು, ಎರಡು ದಿನ ಆಯ್ತು, ಊರವರು ಮಣ್ಣು ಮಾಡೋಕೆ ಜಾಗ ನೋಡ್ಕೊಂಡು ಬಂದ್ರಂತೆ. ಮೂರನೇ ದಿನ ಬೋರ ಒಂದು ಗುಟುಕು ಅಂಬಲಿ ಬಾಯಿಗೆ ಬಿಟ್ಟು, ನೀನು ನುಂಗೋವರೆಗೆ ನಾವು ಮೂವರೂ ನುಂಗಲ್ಲ ಕಣವ್ವ ಅಂದನಂತೆ. ಆಗ ನುಂಗಿದಳು ನೋಡು. ಮಕ್ಕಳು ಹಸಿದಾವೆ ಅಂತ ನುಂಗಿದಳು.

ಅವತ್ತಿಂದ ಆ ಮನೇಲಿ ಯಾರೂ ಗೋಡೆ ಕಡೆ ತಿರುಗಿ ಉಣ್ಣಲಿಲ್ಲ. ಅವಳ ಸುತ್ತ ಕೂತು, ಅವಳ ತಟ್ಟೆ ನೋಡ್ಕೊಂಡೇ ಉಂಡ್ರು. ಅವಳ ಕಾಲಿಗೆ ಮಾತ್ರ ಶಕ್ತಿ ಮತ್ತೆ ಬರಲೇ ಇಲ್ಲವಂತೆ. ಬೋರ ದಿನಾ ಹೆಗಲ ಮೇಲೆ ಕೂರಿಸ್ಕೊಳ್ಳೋನು. ಬಸ್ಕಿ ನೂರಿದ್ದದ್ದು ಎಂಬತ್ತಾಯ್ತು, ನಲವತ್ತಾಯ್ತು, ಹತ್ತಾಯ್ತು. ಒಂದು ದಿನ ಕೂತವನು ಏಳೋಕೇ ಆಗದೆ, ಸೋತೆ ಕಣವ್ವಾ, ಸೋತೆ ಅಂತ ನಗ್ತಾ ಅತ್ತನಂತೆ. ಅಣ್ಣಂದಿರು ಬಂದು ಇಬ್ಬರನ್ನೂ ಎಬ್ಬಿಸಿದ್ರಂತೆ. ಅಲ್ಲಿಗೆ ಅವರ ಕತೆ ಮುಗೀತು, ಇನ್ನು ನಿನ್ನ ನಿದ್ದೆ ಶುರುವಾಗ್ಲಿ.

ಏನು? ನಾನಾ? ನಂದಾಯ್ತು ಕಣೇ, ಮಲ್ಕೊ.

ಏ ಗಂಗೂ, ಎದ್ದು ಎಲ್ಲಿಗೆ ಹೊರಟೆ? ಬೇಡ್ವೇ, ಆ ಮಡಕೆ ಮುಚ್ಚಳ ತೆಗೀಬೇಡ್ವೇ!